ರಟ್ಟಿನಿಂದ ರಟ್ಟಾದದ್ದು

ಮನೆಗೆ ಪಾರ್ಸೆಲ್ ಬಂದಾಗ ಒಳಗಿನ ವಸ್ತುವನ್ನು ಬಿಟ್ಟು ಹೊರಗಿನ ಪೆಟ್ಟಿಗೆಯನ್ನು ನೋಡಿ ನಾನು ಹಿಗ್ಗತೊಡಗಿದಾಗ ಹೆಂಡತಿಗೆ ಮೊದಲ ಅನುಮಾನ ಬಂತು. ಅವಳು ಹೊಸ ಕುಕ್ಕರಿನ ಸೀಟಿ ಪರೀಕ್ಷಿಸುತ್ತಿದ್ದರೆ ನಾನು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು, "ಎರಡು ಪದರದ್ದು, ಒಳ್ಳೆಯ ಮಾಲು" ಎನ್ನುತ್ತಿದ್ದೆ.

ಇದಕ್ಕೆಲ್ಲ ಕಾರಣ ಕಳೆ. ಸ್ವಲ್ಪ ಮಟ್ಟಿಗೆ ಜಿಪುಣತನವೂ ಹೌದು. ಸ್ವಲ್ಪ ಮಟ್ಟಿಗೆ ಎಂಬುದು ನನ್ನ ಲೆಕ್ಕ. ಹೆಂಡತಿಯ ಲೆಕ್ಕ ಬೇರೆ.

ಇಂಗ್ಲೆಂಡಿನಲ್ಲಿ ತರಕಾರಿ ಬೆಳೆದುಕೊಳ್ಳಲು ಜನರಿಗೆ ಕಡಿಮೆ ಬಾಡಿಗೆಗೆ ಕೊಡುವ ತುಂಡು ಭೂಮಿಗೆ ಅಲಾಟ್‌ಮೆಂಟ್ ಎನ್ನುತ್ತಾರೆ. 1908ರ ಕಾನೂನೊಂದು ಇದನ್ನು ಸ್ಥಳೀಯ ಸಂಸ್ಥೆಗಳ ಕೊರಳಿಗೆ ಕಟ್ಟಿದೆ. ರೆಡಿಂಗ್ ಹತ್ತಿರದ ನಮ್ಮ ಊರಿನಲ್ಲಿ ಹೆಸರು ಬರೆಸಿ ಮೂರು ವರ್ಷ ಕಾದ ಮೇಲೆ, 2020ರ ಶರತ್ಕಾಲದಲ್ಲಿ, ನನ್ನ ಸರದಿ ಬಂತು. "ಅಲಾಟ್‌ಮೆಂಟ್ ಆಯಿತು" ಎಂದು ಬಂಧುಗಳ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದೆ. ಬೆಂಗಳೂರಿನಿಂದ ಐದೇ ನಿಮಿಷದಲ್ಲಿ ಉತ್ತರ ಬಂತು: "ಅಭಿನಂದನೆಗಳು! ಮೂವತ್ತು-ನಲವತ್ತೇ? ಮೂಲೆ ಸೈಟೇ? ಪೂರ್ವ ದಿಕ್ಕೇ?"

ಶಿರಸಿಯಲ್ಲಿರುವ ಅಪ್ಪನಿಗೆ ಮಾತ್ರ ವಿಷಯ ಸರಿಯಾಗಿ ಅರ್ಥವಾಯಿತು. ಇಲ್ಲಿ ಭೂಮಿಯನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಪೂರ್ತಿ ಪ್ಲಾಟ್ ಎಂದರೆ 10 ರಾಡ್. ನಾಲ್ಕು ರಾಡ್ ಸೇರಿದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದು ಗುಂಟೆ. "ಹಾಗಾದರೆ ಎರಡೂವರೆ ಗುಂಟೆ" ಎಂದರು ಅಪ್ಪ, ಮರುಕ್ಷಣವೇ, "ಅದಕ್ಕೆ ಬೆಟ್ಟ ಎಷ್ಟು ಕೊಟ್ಟಿದ್ದಾರೆ ತಮ್ಮಾ?" ಎಂದು ಕೇಳಿದರು.

ನಮ್ಮ ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಂದ ಹಸಿ ಸೊಪ್ಪು ಕಡಿದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು, ಕೊಟ್ಟಿಗೆಗೆ ಹಾಸಿ, ತೋಟಕ್ಕೆ ಹೊದಿಸಿದರೆ ನೆಲ ತಂಪು, ಕಳೆ ಕಡಿಮೆ, ಗೊಬ್ಬರವೂ ಅದೇ. ಅಪ್ಪನ ಲೆಕ್ಕದಲ್ಲಿ ನನಗೆ 22.5 ಗುಂಟೆ ಕಾಡು ಬರಬೇಕಿತ್ತು. ಶಿರಸಿಯಲ್ಲಿ ಕೊಟ್ಟ ಬ್ರಿಟಿಷರು ತಮ್ಮ ಸ್ವಂತ ಊರಿನಲ್ಲಿ ಕೊಡಲಿಲ್ಲ. ಕೊಟ್ಟದ್ದು ಒಂದು ಕೀಲಿಕೈ ಮತ್ತು ನಾಲ್ಕು ಪುಟದ ನಿಯಮಾವಳಿ.

ಜೊತೆಗೆ ಕಳೆ. ಬೈಂಡ್‌ವೀಡ್ ಎಂಬ ಬಳ್ಳಿಯಿದೆ, ಬೇರಿನ ಚೂರೊಂದು ಮಣ್ಣಿನಲ್ಲಿ ಉಳಿದರೂ ಸಾಕು, ಮತ್ತೆ ಸಂಸಾರ ಹೂಡುತ್ತದೆ. ವೀಡಿಯೊ ಕರೆಯಲ್ಲಿ ಅದರ ಬಿಳಿ ಹೂ ಕಂಡ ಅಮ್ಮ, "ಅಷ್ಟು ಚಂದದ ಹೂವನ್ನು ಯಾಕೆ ಕೀಳುತ್ತೀಯೋ, ದೇವರಿಗಾದರೂ ಇಡು" ಎಂದಳು. ಇನ್ನೊಂದು ಹಾರ್ಸ್‌ಟೇಲ್, ಕುದುರೆ ಬಾಲ. ಡೈನೋಸಾರುಗಳಿಗಿಂತ ಹಳೆಯ ವಂಶ. ಬೇರು 2 ಮೀಟರ್ ಆಳಕ್ಕೂ ಇಳಿಯುತ್ತದೆ. ಡೈನೋಸಾರುಗಳನ್ನು ಕಳಿಸಿಕೊಟ್ಟು ಬಂದ ಗಿಡದ ಮುಂದೆ ನಾನು ಚಿಕ್ಕ ಗುದ್ದಲಿ ಹಿಡಿದು ನಿಂತಿದ್ದೆ.

ಹೊದಿಕೆ ಹಾಕಬೇಕು, ಆದರೆ ದುಡ್ಡು ಹಾಕಬಾರದು. ಇದು ನನ್ನ ನೀತಿ.

ಮೊದಲು ಹತ್ತಿರದ ಹೊಲದವರು ಪುಕ್ಕಟೆ ಕೊಟ್ಟ ಹಾಳು ಹುಲ್ಲು ತಂದೆ. ನಮ್ಮಲ್ಲಿ ಒಣಹುಲ್ಲು ಎಂದರೆ ಭತ್ತ ಬಡಿದು ಉಳಿದದ್ದು. ಇಲ್ಲಿ ಸ್ಟ್ರಾ ಬೇರೆ, ಹೇ ಬೇರೆ. ಸ್ಟ್ರಾ ಕಾಳು ತೆಗೆದ ಕಡ್ಡಿ. ಹೇ ಎಂದರೆ ತೆನೆ ಸಮೇತ ಕೊಯ್ದು ಒಣಗಿಸಿದ ಮೇವಿನ ಹುಲ್ಲು. ನಾನು ತಂದದ್ದು ಎರಡನೆಯದು ಎಂಬುದು ಏಪ್ರಿಲ್‌ನಲ್ಲಿ ಗೊತ್ತಾಯಿತು. ಕಳೆ ತಡೆಯಲು ಹೋಗಿ ಹತ್ತಾರು ಕಿಲೋ ಹುಲ್ಲಿನ ಬೀಜವನ್ನು ಕೈಯಾರೆ ಬಿತ್ತಿದ್ದೆ. ಮೊಳಕೆ ಮಾತ್ರ ನೂರಕ್ಕೆ ನೂರು.

ಆಮೇಲೆ ಕುದುರೆ ಲದ್ದಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೀಲಗಳನ್ನು ಕಾರಿನಲ್ಲಿ ತಂದೆ, ಒಂದು ಚೀಲ ಹರಿಯಿತು, ಆ ವಾರವೇ ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮವಿತ್ತು, ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಇಷ್ಟು ಸಾಕು. ಕುದುರೆ ಲದ್ದಿಯ ಸತ್ವ ಉಂಡು ದಷ್ಟಪುಷ್ಟವಾದದ್ದು ಕುದುರೆ ಬಾಲ.

ಇನ್ನೊಂದು ಉಪಾಯವನ್ನು ನನಗಿಂತ ಮೊದಲೇ ಯಾರೋ ಮಾಡಿದ್ದರು. ಆಲೂಗಡ್ಡೆ ನೆಡಲು ಅಗೆಯುವಾಗ ಗುದ್ದಲಿಗೆ ಮೆತ್ತಗೆ ಏನೋ ತಾಗಿತು. ಎಳೆದೆ. ಬಂತು. ಇನ್ನೂ ಎಳೆದೆ. ಕಿತ್ತಳೆ ಮತ್ತು ಕಂದು ಹೂಗಳ ಹಳೆಯ ಕಾರ್ಪೆಟ್ಟು, ಒಂದು ಇಡೀ ಬೈಠಕ್ ಕೋಣೆಯದ್ದು, ಒಂದು ಗೇಣು ಮಣ್ಣಿನಡಿಯಲ್ಲಿ ಮಲಗಿತ್ತು. ಒಂದು ಕಾಲದಲ್ಲಿ ಕಳೆಯ ಮೇಲೆ ಹಳೆಯ ಕಾರ್ಪೆಟ್ ಹೊದಿಸುವುದು ಇಲ್ಲಿನ ರೂಢಿ. ಪ್ಲಾಸ್ಟಿಕ್ ನೂಲು ಬಿಚ್ಚಿಕೊಂಡು ಮಣ್ಣು ಸೇರುತ್ತದೆ, ಬಣ್ಣ ಇಳಿಯುತ್ತದೆ ಎಂದು ಈಗ ಬಹಳ ಕಡೆ ನಿಷೇಧ. ಬೈಂಡ್‌ವೀಡಿನ ಬೇರುಗಳು ಅದರ ನೇಯ್ಗೆಯೊಳಗೆ ಎಷ್ಟು ಅಚ್ಚುಕಟ್ಟಾಗಿ ಹೆಣೆದುಕೊಂಡಿದ್ದವು ಎಂದರೆ ಯಾವುದು ಮೂಲ ಕಸೂತಿ, ಯಾವುದು ಕಳೆ ಎಂದು ಹೇಳುವುದು ಕಷ್ಟವಾಗಿತ್ತು. ಅದನ್ನು ತುಂಡು ಮಾಡಿ ಹೊರಸಾಗಿಸಲು ನನಗೆ ನಾಲ್ಕು ಶನಿವಾರ ಬೇಕಾದವು. ಪಕ್ಕದ ಪ್ಲಾಟಿನ ಅಜ್ಜ ಬೇಲಿಯಾಚೆ ಚಹಾ ಹೀರುತ್ತ ನೋಡುತ್ತಿದ್ದವರು, "ಅದರ ಕೆಳಗೆ ಇನ್ನೊಂದು ಇದೆ, ಹಸಿರು ಬಣ್ಣದ್ದು" ಎಂದರು. ಇತ್ತು.

ಈ ಅಜ್ಜನ ವಿಷಯ ಸ್ವಲ್ಪ ಹೇಳಲೇಬೇಕು. ಮೂವತ್ತು ವರ್ಷಗಳಿಂದ ಅಲ್ಲಿ ಬೆಳೆಯುತ್ತಿರುವವರು. ಗೇಟಿನ ಬಳಿ ಒಂದು ಮೇಜಿದೆ. ತಮಗೆ ಹೆಚ್ಚಾದ ತರಕಾರಿಯನ್ನು ಎಲ್ಲರೂ ಅದರ ಮೇಲಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಮೊದಲ ವರ್ಷ ಎಲ್ಲರೂ ಇಟ್ಟರು, ನಾನು ಒಯ್ದೆ. ಎಷ್ಟು ದಿನ ಹೀಗೆ? ಅಕ್ಟೋಬರ್‌ನ ಒಂದು ಭಾನುವಾರ, ಮನೆಗೆ ವಾರಕ್ಕೊಮ್ಮೆ ಬರುವ ಸಾವಯವ ತರಕಾರಿ ಪೆಟ್ಟಿಗೆಯಿಂದ ಮೂರು ಬಟರ್‌ನಟ್ ಕುಂಬಳಕಾಯಿ ತೆಗೆದು, ಸ್ವಲ್ಪ ಮಣ್ಣು ಹಚ್ಚಿ, ಮೇಜಿನ ಮೇಲಿಟ್ಟೆ. ಮಣ್ಣು ಮಾತ್ರ ನಿಜವಾಗಿ ನನ್ನ ಪ್ಲಾಟಿನದು. ಅಜ್ಜ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಈ ನೆಲದಲ್ಲಿ ಇಷ್ಟು ನುಣುಪಾದ ಬಟರ್‌ನಟ್ ನಾನು ಕಂಡಿಲ್ಲ" ಎಂದರು. "ಅಪ್ಪ ಕೃಷಿಕರು, ರಕ್ತದಲ್ಲೇ ಬಂದಿದೆ" ಎಂದುಬಿಟ್ಟೆ.

ಆ ಚಳಿಗಾಲ ನಾನು ರಟ್ಟಿಗೆ ಶರಣಾದೆ. ವಿಧಾನ ಸರಳ. ಪೆಟ್ಟಿಗೆಯ ಅಂಟುಪಟ್ಟಿ, ಪಿನ್ನು, ವಿಳಾಸದ ಚೀಟಿ ಕೀಳಬೇಕು. ಹಾಳೆಗಳನ್ನು ಗೇಣುದ್ದ ಒಂದರ ಮೇಲೊಂದು ಬರುವಂತೆ ಹಾಸಬೇಕು. ಚೆನ್ನಾಗಿ ನೆನೆಸಿ ಮೇಲೆ ನಾಲ್ಕೈದು ಬೆರಳು ದಪ್ಪ ಕಾಂಪೋಸ್ಟ್ ಹೇರಬೇಕು. ಬೆಳಕು ಕಾಣದೆ ಕಳೆ ಸೊರಗುತ್ತದೆ, ರಟ್ಟು ಕರಗಿ ಮಣ್ಣಾಗುತ್ತದೆ. ಎರಡು ವರ್ಷದ ಆನ್‌ಲೈನ್ ಖರೀದಿಯ ಪೆಟ್ಟಿಗೆಗಳು ಗ್ಯಾರೇಜಿನಲ್ಲಿ ಗುಡ್ಡೆಯಾಗಿದ್ದವು. ಎಲ್ಲ ಹಾಸಿದೆ. ವಿಳಾಸದ ಚೀಟಿ ಕೀಳುವುದು ಬೇಸರದ ಕೆಲಸವೆಂದು ಬಿಟ್ಟೆ. ಕಾಂಪೋಸ್ಟಿಗೆ ದುಡ್ಡು ಬೀಳುತ್ತದೆ ಎಂದು ಅದನ್ನೂ ಬಿಟ್ಟು, ಅಲ್ಲೊಂದು ಇಲ್ಲೊಂದು ಇಟ್ಟಿಗೆ ಇಟ್ಟೆ.

2022ರ ಫೆಬ್ರವರಿ 18ರಂದು ಯೂನಿಸ್ ಎಂಬ ಬಿರುಗಾಳಿ ಬಂತು. ವೈಟ್ ದ್ವೀಪದ ತುದಿಯಲ್ಲಿ ಗಾಳಿಯ ವೇಗ ಗಂಟೆಗೆ 122 ಮೈಲಿ ಮುಟ್ಟಿತು. ಲಂಡನ್ನಿನಲ್ಲಿ ಮಿಲೇನಿಯಂ ಡೋಮ್ ಎಂದು ಹೆಸರಾದ ಗುಮ್ಮಟದ ಹೊದಿಕೆಯೇ ಹರಿದುಹೋಯಿತು. ಇನ್ನು ನನ್ನ ಹೊದಿಕೆ ಯಾವ ಲೆಕ್ಕ?

ಮರುದಿನ ಹೋಗಿ ನೋಡಿದರೆ ನಮ್ಮ ಮನೆಯ ಎರಡು ವರ್ಷದ ಇತಿಹಾಸ ನಲವತ್ತು ಪ್ಲಾಟುಗಳ ಮೇಲೆ ಹರಡಿ ಬಿದ್ದಿತ್ತು. ಗುಟ್ಟು ರಟ್ಟಾಗುವುದು ಎಂಬ ಮಾತನ್ನು ಇಷ್ಟು ಅಕ್ಷರಶಃ ಯಾರೂ ಅನುಭವಿಸಿರಲಾರರು. ಕೂದಲು ಬೆಳೆಸುವ ಯಂತ್ರದ ಪೆಟ್ಟಿಗೆ, ಚಿತ್ರ ಸಮೇತ, ಕಾರ್ಯದರ್ಶಿಯವರ ರಾಸ್ಪ್‌ಬೆರಿ ಕಂಬಕ್ಕೆ ಅಂಟಿಕೊಂಡಿತ್ತು. ಗೊರಕೆ ನಿಲ್ಲಿಸುವ ಪಟ್ಟಿಯದ್ದು ಶೌಚಾಲಯದ ಬಾಗಿಲಿಗೆ. ಹೊಟ್ಟೆ ಕರಗಿಸುವ ಬೆಲ್ಟಿನದ್ದು ಕೋಳಿಗೂಡಿನ ಮೇಲೆ. ಕೋಳಿಗಳು ಅದನ್ನು ಆಸಕ್ತಿಯಿಂದ ಕುಕ್ಕುತ್ತಿದ್ದವು. ಎಲ್ಲದರ ಮೇಲೂ ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಮನೆಯ ಸಂಖ್ಯೆ. ಇಂಗ್ಲಿಷರು ಸಭ್ಯರು, ಯಾರೂ ಒಂದು ಮಾತೂ ಆಡಲಿಲ್ಲ. ಎಲ್ಲರೂ ಹಾಳೆಗಳನ್ನು ಆರಿಸಿ, ಓದಿ, ನನ್ನ ಕೈಗೆ ಕೊಟ್ಟು "ಎಂಥ ಗಾಳಿ!" ಎಂದರು. ತೋಟದ ಕಳೆ ಹಾಗೆಯೇ ಇತ್ತು, ಮುಖದ ಕಳೆ ಹೋಗಿತ್ತು.

ಕೊನೆಯಲ್ಲಿ ಅಜ್ಜ ಬಂದರು. ತಮ್ಮ ಗಾಜಿನ ಮನೆಗೆ ಬಂದು ಬಿದ್ದಿದ್ದ ಹಾಳೆಗಳನ್ನು ಮಟ್ಟಸವಾಗಿ ಜೋಡಿಸಿ ದಾರ ಕಟ್ಟಿದ್ದರು. ಎಲ್ಲಕ್ಕಿಂತ ಮೇಲೆ, ಅಕ್ಷರ ನನ್ನ ಕಡೆಗೆ ಬರುವಂತೆ, ಸಾವಯವ ತರಕಾರಿ ಪೆಟ್ಟಿಗೆಯ ರಟ್ಟು. "ಈ ವಾರ: ಬಟರ್‌ನಟ್ 3" ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು.

"ರಕ್ತದಲ್ಲಿ ಬಂದದ್ದು ಎಂದಿದ್ದಿರಿ" ಎಂದರು ಅಜ್ಜ. "ವ್ಯಾನಿನಲ್ಲಿ ಬಂದದ್ದು."

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿ, ಮರ ಕಡಿಯುವವರ ಬಳಿ ಮರದ ಚೂರು ಕೇಳಿ, ಅದನ್ನು ಸಾಗಹಾಕಲು ಅವರೇ ಹಣ ತೆರಬೇಕಾಗುವುದರಿಂದ ಪುಕ್ಕಟೆ ಕೊಡುತ್ತಾರೆ ಎಂದರು. ಕೇಳಿದೆ. "ಸ್ವಲ್ಪ" ಎಂದೇ ಕೇಳಿದ್ದೆ. ಅವರು ಒಂದು ಲಾರಿ ತಂದು ಮನೆಯ ಮುಂದೆ, ಸರಿಯಾಗಿ ಕಾರಿನ ಹಿಂದೆ, ಸುರಿದುಹೋದರು. ಹಸಿ ಚೂರಿನ ರಾಶಿ ಒಳಗೊಳಗೇ ಕಾವು ಏರಿ ಬೆಳಗಿನ ಚಳಿಗೆ ಹಬೆಯಾಡುತ್ತಿತ್ತು. ಎದುರುಮನೆಯಾಕೆ ಬೆಂಕಿ ಬಿದ್ದಿದೆ ಎಂದು ಬಕೆಟ್ಟಿನಲ್ಲಿ ನೀರು ತಂದಳು. ಹನ್ನೊಂದು ದಿನ ಹೆಂಡತಿ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು, ನಾನು ಕೈಗಾಡಿ ತಳ್ಳಿದೆ. ಈ ಸಲ ರಟ್ಟನ್ನು ನೆನೆಸಿ ಹಾಸಿ, ಅದರ ಮೇಲೆ ಚೂರು ಹೇರಿದೆ. ಚೀಟಿಗಳನ್ನು ಒಂದೂ ಬಿಡದೆ ಕಿತ್ತಿದ್ದೆ.

ಆ ಬೇಸಗೆಯಲ್ಲಿ, ಜುಲೈ 19ರಂದು, ಈ ದೇಶದಲ್ಲಿ ಮೊದಲ ಬಾರಿಗೆ ಬಿಸಿಲು 40 ಡಿಗ್ರಿ ದಾಟಿತು. ಆಗಸ್ಟಿನಲ್ಲಿ ಪೈಪಿನಿಂದ ನೀರು ಹಾಯಿಸುವುದೂ ನಿಷೇಧವಾಯಿತು. ಸುತ್ತಲಿನ ನೆಲ ಬಿರುಕು ಬಿಟ್ಟಿತ್ತು. ನನ್ನ ಚೂರಿನ ಕೆಳಗೆ ಬೆರಳಿಟ್ಟರೆ ಮಣ್ಣು ತೇವವಾಗಿತ್ತು. ಹುಲ್ಲು ಹೆಚ್ಚುಕಡಿಮೆ ಸೋತಿತ್ತು. ಕುದುರೆ ಬಾಲ ರಟ್ಟನ್ನೂ ಚೂರನ್ನೂ ತೂತು ಮಾಡಿಕೊಂಡು ಎಂದಿನಂತೆ ಎದ್ದು ನಿಂತಿತ್ತು.

ಅಕ್ಟೋಬರ್‌ನಲ್ಲಿ ಎರಡು ಬಟರ್‌ನಟ್ ಕೊಯ್ದೆ. ಒಂದು ಸೊಟ್ಟ, ಇನ್ನೊಂದರ ಪಕ್ಕೆಯನ್ನು ಗೊಂಡೆಹುಳು ತಿಂದಿತ್ತು. ಮೇಜಿನ ಮೇಲಿಟ್ಟೆ. ಅಜ್ಜ ಬಂದರು, ಸೊಟ್ಟಗಿದ್ದದ್ದನ್ನು ಎತ್ತಿ ತಿರುಗಿಸಿ ನೋಡಿದರು, ಇನ್ನೊಂದರ ತೂತಿನೊಳಗೆ ಇಣುಕಿದರು.

"ಇವು ನಿಮ್ಮವೇ" ಎಂದು ಚೀಲಕ್ಕೆ ಹಾಕಿಕೊಂಡು ಹೋದರು.