ಸತ್ಯಾಂಶ: ಬಿಸಿಲೂರಿನ ಕಾರಿಗೆ ದಪ್ಪ ಆಯಿಲ್ಲೇ ಬೇಕಾ?

"0ಡಬ್ಲ್ಯೂ-20 ಆಯಿಲ್ ಚಳಿ ದೇಶಗಳಿಗೆ ಮಾತ್ರ. ನಮ್ಮ ಬಿಸಿಲಿಗೆ ನೀರಾಗಿ ಎಂಜಿನ್ ಸೀಜ್ ಆಗುತ್ತೆ. 20ಡಬ್ಲ್ಯೂ-50 ಹಾಕಿಸಿ." ಬೇಸಿಗೆ ಬಂತೆಂದರೆ ಈ ಮೆಸೇಜ್ ಗ್ರೂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು.

ಡಬ್ಲ್ಯೂ ಅಂದರೆ ವಿಂಟರ್. ಅದರ ಮುಂಚಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಕೊನೆಯ ಅಂಕಿ, ಬಿಸಿಯಾದ ಎಂಜಿನ್‌ನಲ್ಲಿ ಅದು ಎಷ್ಟು ದಪ್ಪ ಇರುತ್ತದೆ ಅನ್ನೋದು. ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ.

ರಾಯಚೂರಿನ 42 ಡಿಗ್ರಿ ನಮಗೆ ಜಾಸ್ತಿ, ಎಂಜಿನ್‌ಗೆ ಅಲ್ಲ. ರಾಯಚೂರಾಗಲಿ ಮಡಿಕೇರಿಯಾಗಲಿ, ಗಾಡಿ ಓಡುವಾಗ ಥರ್ಮೋಸ್ಟಾಟ್ ಅನ್ನೋ ವಾಲ್ವ್, ಕೂಲಂಟನ್ನು (ಎಂಜಿನ್ ತಂಪಾಗಿಡುವ ದ್ರವ) ಸುಮಾರು 90 ಡಿಗ್ರಿಯಲ್ಲೇ ಹಿಡಿದಿಡುತ್ತದೆ. 40 ಡಿಗ್ರಿಯಲ್ಲಿ 0ಡಬ್ಲ್ಯೂ-20 ಆಯಿಲ್, 100 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಐದು ಪಟ್ಟು ದಪ್ಪ. ಮಟಮಟ ಮಧ್ಯಾಹ್ನ ಸ್ಟಾರ್ಟ್ ಮಾಡಿದರೂ ಅದು ನೀರಾಗಿರುವುದಿಲ್ಲ, ಅಲ್ವಾ?

ತೆಳು ಆಯಿಲ್‌ಗೆಂದೇ ಮಾಡಿದ ಎಂಜಿನ್‌ಗೆ ಸುಮ್ನೆ ದಪ್ಪದ್ದು ಸುರಿದರೆ, ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಡವಾಗಿ ಮುಟ್ಟುತ್ತದೆ. ಮೈಲೇಜೂ ಇಳಿಯುತ್ತದೆ. ಹಾಗಂತ 20ಡಬ್ಲ್ಯೂ-50 ಕೆಟ್ಟದ್ದಲ್ಲ. ಕಂಪನಿಯೇ ಅದನ್ನು ಹೇಳಿರುವ ಹಳೇ ಕಾರುಗಳಿಗೆ ಅದೇ ಸರಿ. ಆದರೆ ಚಳಿಗಾಲದ ಲೇಹ್‌ನಲ್ಲಿ ಅದು ಗಟ್ಟಿಯಾಗಿ, ಎಂಜಿನ್ ತಿರುಗುವುದೇ ಕಷ್ಟ.

ನಿಮ್ಮ ಕಾರಿನ ಆಯಿಲ್ ಗ್ರೇಡ್ (0ಡಬ್ಲ್ಯೂ-20 ಥರದ್ದು) ಓನರ್ಸ್ ಮ್ಯಾನುಯಲ್‌ನಲ್ಲಿದೆ. ಕೆಲವದರಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ. ಅವುಗಳಲ್ಲೇ ಒಂದನ್ನು ಹಾಕಿಸಿ.