ಮಿಸ್ ಲೂ ನಗಿಸಿದ್ದು ಪಟ್ವಾಗೆ ಒಳ್ಳೆಯದಾಯಿತಾ?

ಬ್ರಿಟಿಷರ ವಸಾಹತಾಗಿದ್ದ ಕೆರಿಬಿಯನ್ ದ್ವೀಪ ಜಮೈಕಾದ ಮನೆಮಾತು ಪಟ್ವಾ. ಶಾಲೆ, ಕೋರ್ಟು, ಸರ್ಕಾರಿ ಕಾಗದ ಎಲ್ಲ ಇಂಗ್ಲಿಷ್. ಲೂಯಿಸ್ ಬೆನೆಟ್ (1919–2006) ಬದುಕಿಡೀ ಪಟ್ವಾದಲ್ಲಿ ಪದ್ಯ ಬರೆದರು, ನಾಟಕ ಆಡಿದರು, ರೇಡಿಯೋ ಟಿವಿಯಲ್ಲಿ ಮಾತಾಡಿದರು. ಊರಿಗೆಲ್ಲ ಅವರು ಮಿಸ್ ಲೂ. ಬರೆದದ್ದರಲ್ಲಿ ಬಹುಪಾಲು ನಗಿಸುವಂಥದ್ದು. ಆ ನಗುವಿನಿಂದ ಪಟ್ವಾಗೆ ಮರ್ಯಾದೆ ಬಂತಾ, ಅಥವಾ ಅದು ಬರೀ ನಗೋಕೆ ಇರುವ ಭಾಷೆ ಆಗಿಬಿಟ್ಟಿತಾ?

ಪರ

ಟ್ರಾಮಿನ ಕಥೆಯಿಂದಲೇ ಶುರು ಮಾಡ್ತೀನಿ. ಹದಿಹರೆಯದ ಲೂಯಿಸ್ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಕಿಂಗ್‌ಸ್ಟನ್‌ನಲ್ಲಿ ಟ್ರಾಮ್ ಹತ್ತಿದಳು. ಹಿಂದಿನ ಸೀಟುಗಳಲ್ಲಿ ಬುಟ್ಟಿ ಇಟ್ಟುಕೊಂಡು ಸಂತೆಯ ಹೆಂಗಸರು ಕೂತಿದ್ದರು. ಅವರಲ್ಲೊಬ್ಬಾಕೆ ಪಕ್ಕದವಳಿಗೆ ಪಟ್ವಾದಲ್ಲಿ, ಹರಡಿಕೊಂಡು ಕೂತ್ಕೋ ಲೈಜಾ, ಈ ಸಿಂಗಾರಗಿತ್ತಿ ನಮ್ಮ ಪಕ್ಕದ ಜಾಗಕ್ಕೆ ಕಣ್ಣು ಹಾಕಿದ್ದಾಳೆ ಅನ್ನೋ ಅರ್ಥದ ಮಾತು ಹೇಳಿದಳು. ಬೇರೆ ಹುಡುಗಿಯಾಗಿದ್ದರೆ ಮುಖ ಸಿಂಡರಿಸಿಕೊಳ್ಳುತ್ತಿದ್ದಳೋ ಏನೋ. ಇವಳು ಮನೆಗೆ ಹೋಗಿ ಆ ಮಾತನ್ನೇ ಹಿಡಿದು ಪದ್ಯ ಬರೆದಳು. ಅದೇ ಅವಳ ಮೊದಲ ಪಟ್ವಾ ಪದ್ಯ.

ಅದು ಸುಮ್ನೆ ಆಗಿದ್ದಲ್ಲ. ಅವರ ತಾಯಿ ಬಟ್ಟೆ ಹೊಲಿಯುತ್ತಿದ್ದರು. ಅಪ್ಪ ಬೇಕರಿ ನಡೆಸುತ್ತಿದ್ದವರು, ಲೂಯಿಸ್‌ಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಆ ಮನೆಗೆ ಮೀನು ಮಾರುವವಳೂ ಬರುತ್ತಿದ್ದಳು, ಟೀಚರೂ ಬರುತ್ತಿದ್ದಳು, ತಾಯಿಗೆ ಇಬ್ಬರೂ 'ಲೇಡಿ'ಯೇ: ಮೀನು ಲೇಡಿ, ಟೀಚರ್ ಲೇಡಿ. ಮಿಸ್ ಲೂ ಅವರ ಎಲ್ಲ ಬರವಣಿಗೆಯೂ ಈ ಒಂದು ಪದದಿಂದಲೇ ಹುಟ್ಟಿದ್ದು ಅಂತ ನನಗೆ ಅನ್ನಿಸುತ್ತದೆ.

ಈಗ ನಗುವಿನ ಮಾತು. ಯಾರ ಮೇಲೆ ನಗು ಅಂತ ಮೊದಲು ನೋಡಬೇಕು, ಅಲ್ವಾ? ಅವರ ಒಂದು ಪದ್ಯದಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಹುಡುಗನೊಬ್ಬ ಧಾಟಿ ಬದಲಾಯಿಸಿಕೊಂಡು ಮಾತಾಡುತ್ತಾನೆ, ಊರಿನ ಹೆಣ್ಣುಮಕ್ಕಳು ಅವನನ್ನು ನೋಡಿ ನಗುತ್ತಾರೆ. ಪಟ್ವಾ ಆಡುವವರನ್ನು ನೋಡಿ ನಗುವ ಪದ್ಯ ಅಲ್ಲ ಅದು, ಪಟ್ವಾ ಬಿಟ್ಟವನನ್ನು ನೋಡಿ ನಗುವ ಪದ್ಯ. 'ಬ್ಯಾನ್ಸ್ ಎ ಕಿಲ್ಲಿನ್' ಪದ್ಯದಲ್ಲಂತೂ ಈ ಆಡುಮಾತನ್ನೆಲ್ಲ ಕೊಲ್ಲಬೇಕು ಅನ್ನುವ ಮಹಾಶಯನಿಗೆ, ಹಾಗಾದರೆ ಇಂಗ್ಲಿಷ್ ಕೂಡ ಆಡುಮಾತಿನಿಂದಲೇ ಬಂದದ್ದು, ಚಾಸರ್, ಬರ್ನ್ಸ್, ಶೇಕ್ಸ್‌ಪಿಯರ್ ಎಲ್ಲರನ್ನೂ ಕೊಂದು ಬಾ ಅಂತ ಲೆಕ್ಕ ಒಪ್ಪಿಸುತ್ತಾರೆ. ಸಾವಿರಗಟ್ಟಲೆ ಜಮೈಕನ್ನರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲದಲ್ಲಿ, ಇದು ತಿರುಗುಮುರುಗಾದ ವಸಾಹತು ಅಂತ ಪದ್ಯ ಕಟ್ಟಿದರು. ಸಾಮ್ರಾಜ್ಯದ ಬಗ್ಗೆ ಅಷ್ಟು ಚಿಕ್ಕದಾಗಿ ಅಷ್ಟು ದೊಡ್ಡ ಮಾತು ಹೇಳಿದವರು ಕಡಿಮೆ.

ಇನ್ನು ರೇಡಿಯೋ. 1960ರ ದಶಕದ ನಡುವಿನಿಂದ 1982ರವರೆಗೆ ಅವರು ಆಂಟಿ ರೋಚಿ ಎಂಬ ಪಾತ್ರದ ಬಾಯಲ್ಲಿ ಮಾತಾಡಿಸಿದರು. ಇಂಗ್ಲಿಷ್ ಲ್ಯಾಟಿನ್‌ನಿಂದ, ಫ್ರೆಂಚ್‌ನಿಂದ ಪದ ತಗೊಂಡರೆ ಅದು 'ಅಲ್ಲಿಂದ ಬಂದದ್ದು', ನಾವು ಇಂಗ್ಲಿಷ್‌ನಿಂದ, ಆಫ್ರಿಕಾದಿಂದ ತಗೊಂಡರೆ ಮಾತ್ರ ಅದು 'ಕೆಟ್ಟುಹೋದದ್ದು' ಹೇಗೆ ಅಂತ ಆಂಟಿ ರೋಚಿ ಕೇಳುತ್ತಾಳೆ. ಭಾಷಾಶಾಸ್ತ್ರದ ಪಾಠವೇ ಇದು, ಅಡುಗೆ ಮಾಡುತ್ತಾ ರೇಡಿಯೋ ಕೇಳುವವರಿಗೂ ತಲುಪಿತು. 1970ರಿಂದ 1982ರವರೆಗೆ ಟಿವಿಯಲ್ಲಿ 'ರಿಂಗ್ ಡಿಂಗ್' ನಡೆಸಿದರು. ಮಕ್ಕಳು ತಮ್ಮ ಹಾಡು, ಜಾಣ ಜೇಡ ಅನಾನ್ಸಿಯ ತಮ್ಮ ಜನಪದ ಕಥೆಗಳನ್ನು ತಮ್ಮ ಮಾತಲ್ಲೇ ಪರದೆ ಮೇಲೆ ಕೇಳಿದರು.

ಕವಿಗಳ ಕೂಟ ಅವರನ್ನು ತನ್ನವರಲ್ಲಿ ಒಬ್ಬರು ಅಂತ ಬಹಳ ಕಾಲ ಎಣಿಸಲಿಲ್ಲ, ಸಭೆಗೆ ಕರೆಯಲೂ ಇಲ್ಲ. ಗಂಭೀರವಾಗಿ ಬಾಗಿಲು ತಟ್ಟಿದ್ದರೆ ಆಗ ಯಾರೂ ತೆಗೆಯುತ್ತಿರಲಿಲ್ಲ. ಪತ್ರಿಕೆಯ ಪುಟ, ಕಿಂಗ್‌ಸ್ಟನ್‌ನ ವಾರ್ಡ್ ಥಿಯೇಟರಿನ ವೇದಿಕೆ, ಎರಡೂ ತೆರೆದದ್ದು ಈ ನಗುವಿಗೇ. ಮುಂದೆ ಲಿಂಟನ್ ಕ್ವೆಸಿ ಜಾನ್ಸನ್ ತರಹದವರು ಪಟ್ವಾದಲ್ಲಿ ಸಿಟ್ಟಿನ ಪದ್ಯ ಬರೆದಾಗ ಕಿವಿಗಳು ಆಗಲೇ ತಯಾರಾಗಿದ್ದವು.

ವಿರೋಧ

ಮೇಲೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಮಿಸ್ ಲೂ ಅಂದರೆ ನನಗೂ ತುಂಬಾ ಪ್ರೀತಿ. ಅದಕ್ಕೇ ಈ ತಕರಾರು.

ಯಾರ ಮೇಲೆ ನಗು ಅನ್ನುವುದು ಬರೆದವರ ಕೈಯಲ್ಲಿ ಮಾತ್ರ ಇರುವುದಿಲ್ಲ. ವಾರ್ಡ್ ಥಿಯೇಟರಿನಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕ ಮಧ್ಯಮ ವರ್ಗದವರು ಮನೆಗೆ ಹೋಗಿ ಮಕ್ಕಳಿಗೆ ಸರಿಯಾಗಿ ಮಾತಾಡು ಅಂತ ಗದರಿಸಲು ಅಡ್ಡಿ ಏನಿತ್ತು? ಸಂತೆಯ ಹೆಂಗಸು ವೇದಿಕೆ ಮೇಲೆ ಚುರುಕಾಗಿ ಮಾತಾಡಿದಳು, ಎಲ್ಲರೂ ಚಪ್ಪಾಳೆ ಹೊಡೆದರು, ಅವಳ ಭಾಷೆಗೆ ಕೋರ್ಟಿನಲ್ಲಿ ಜಾಗ ಸಿಗಲಿಲ್ಲ. ನಾಟಕ, ಹಾಡು, ಜೋಕು ಪಟ್ವಾಗೆ, ಕಾನೂನು, ಲೆಕ್ಕ, ವಿಜ್ಞಾನ ಇಂಗ್ಲಿಷ್‌ಗೆ ಅಂತ ಪಾಲಾಯಿತು. ಆ ಪಾಲು ಅವರು ಮಾಡಿದ್ದಲ್ಲ. ಆದರೆ ಅವರ ಜನಪ್ರಿಯತೆ ಅದನ್ನು ಎಲ್ಲರಿಗೂ ಸಲೀಸು ಮಾಡಿತು.

ಎರಡನೆಯದು ಪದ್ಯದ ಕಟ್ಟು. ನಾಲ್ಕು ಸಾಲು, ಕೊನೆಗೆ ಪ್ರಾಸ. ಇಂಗ್ಲಿಷ್ ಲಾವಣಿಯಿಂದ ಬಂದ ಅಳತೆ ಅದು. ಅದರಲ್ಲಿ ನಾಲ್ಕನೇ ಸಾಲು ಬಂತು ಅಂದರೆ ಬಾರಿಸಲೇಬೇಕು, ಬಾರಿಸಿದ ಮೇಲೆ ಕೇಳುವವನಿಗೆ ಬಿಡುಗಡೆ. ದುಃಖಕ್ಕೆ ಹಾಗೆ ಪದೇ ಪದೇ ಬಿಡುಗಡೆ ಸಿಕ್ಕರೆ ಅದು ಬೆಳೆಯುವುದೇ ಇಲ್ಲ. 'ಡಟಿ ಟಫ್' ಪದ್ಯ ನೋಡಿ. ಬಿಸಿಲಿದೆ ಆದರೆ ಬೆಳಕಿಲ್ಲ, ಮಳೆ ಬೀಳುತ್ತಿದೆ ಆದರೆ ನೆಲ ಗಟ್ಟಿಯಾಗೇ ಇದೆ ಅಂತ ಶುರುವಾಗುತ್ತದೆ. ಎಂಥಾ ಶುರು! ಗಾದೆಯಷ್ಟು ಹಳೆಯದು ಅನ್ನಿಸುತ್ತದೆ, ಮೈ ಜುಮ್ ಅನ್ನುತ್ತದೆ. ಆಮೇಲೆ ಸಾಮಾನುಗಳ ಬೆಲೆ ಏರಿದ್ದಕ್ಕೆ, ಹೇಗಿದ್ದೀರಿ ಅಂತ ಕೇಳಿದರೂ ಉತ್ತರ ಕೊಡಲು ಹೆದರುವ ಜನರ ಚೇಷ್ಟೆಗೆ ಇಳಿಯುತ್ತದೆ. ಚೆನ್ನಾಗಿಯೇ ಇದೆ. ಆದರೆ ಆ ಮೊದಲ ನಾಲ್ಕು ಸಾಲಿನ ಭಾರದಲ್ಲೇ ಇಡೀ ಪದ್ಯ ನಿಲ್ಲಬಲ್ಲ ಕೈ ಅವರದ್ದು ಅಂತ ಗೊತ್ತಾಗುತ್ತದಲ್ಲ, ಆಗ ಹೊಟ್ಟೆ ಉರಿಯುತ್ತದೆ.

ಮೂರನೆಯದು ಬರೆಯುವ ಬಗೆ, ನನಗೆ ಇದೇ ಜಾಸ್ತಿ ಮುಖ್ಯ. ಪಟ್ವಾವನ್ನು ಅವರು ಇಂಗ್ಲಿಷ್ ಸ್ಪೆಲಿಂಗನ್ನೇ ಅಲ್ಲಲ್ಲಿ ಬಾಗಿಸಿ ಬರೆದರು. ಪುಟದ ಮೇಲೆ ನೋಡಿದರೆ ಅದು ತಪ್ಪು ತಪ್ಪಾಗಿ ಬರೆದ ಇಂಗ್ಲಿಷ್ ತರಹ ಕಾಣುತ್ತದೆ. ಇದು ಬೇರೆ ಭಾಷೆ ಅಂತ ಅವರ ಬಾಯಿ ಹೇಳುತ್ತಿತ್ತು, ಅವರ ಪುಸ್ತಕದ ಪುಟ ಹಾಗೆ ಹೇಳಲಿಲ್ಲ. ಉಚ್ಚಾರಕ್ಕೆ ತಕ್ಕ ಬೇರೆಯದೇ ಸ್ಪೆಲಿಂಗನ್ನು ಭಾಷಾಶಾಸ್ತ್ರಜ್ಞ ಫ್ರೆಡ್ರಿಕ್ ಕ್ಯಾಸಿಡಿ 1961ರಲ್ಲೇ ಮುಂದಿಟ್ಟಿದ್ದರು. ಮಿಸ್ ಲೂ ಅವರ ದೊಡ್ಡ ಸಂಕಲನ 'ಜಮೈಕಾ ಲಾಬ್ರಿಶ್' ಬಂದದ್ದು 1966ರಲ್ಲಿ. ಆ ಪುಸ್ತಕ ಹೊಸ ಬರವಣಿಗೆಯಲ್ಲಿ ಬಂದಿದ್ದರೆ ಮನೆಮನೆಯಲ್ಲೂ ಮಕ್ಕಳು ಅದನ್ನು ಓದಲು ಕಲಿಯುತ್ತಿದ್ದರು, ಯಾಕೆಂದರೆ ಮಿಸ್ ಲೂ ಬರೆದದ್ದನ್ನು ಓದದೆ ಬಿಡುವವರು ಯಾರಿದ್ದರು? ಅವರಿಗಿದ್ದಷ್ಟು ಅಧಿಕಾರ ಆ ವಿಷಯದಲ್ಲಿ ಬೇರೆ ಯಾರಿಗೂ ಇರಲಿಲ್ಲ. ಬೈಬಲಿನ ಹೊಸ ಒಡಂಬಡಿಕೆ ಪಟ್ವಾದಲ್ಲಿ, ಕ್ಯಾಸಿಡಿಯ ದಾರಿಯ ಬರವಣಿಗೆಯಲ್ಲಿ ಹೊರಬಂದದ್ದು 2012ರಲ್ಲಿ. ಮಿಸ್ ಲೂ ಟೊರಾಂಟೋದಲ್ಲಿ ತೀರಿಕೊಂಡು ಆರು ವರ್ಷ ಆಗಿತ್ತು.

ರೆಗ್ಗೆ ಲಯದಲ್ಲಿ ಪದ್ಯ ಹೇಳುವ, ಜಾನ್ಸನ್ ತರಹದ ಡಬ್ ಕವಿಗಳಿಗೆ ಮಿಸ್ ಲೂ ದಾರಿ ಮಾಡಿಕೊಟ್ಟರು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅವರಲ್ಲೊಬ್ಬನಾದ ಮೈಕಿ ಸ್ಮಿತ್ ಅದೇ ಪಟ್ವಾದಲ್ಲಿ ಬಡವರ ಸಂಕಟವನ್ನು ಒದರಿ ಹೇಳುವುದನ್ನು ಒಮ್ಮೆ ಕೇಳಿ. ಪ್ರಾಸಕ್ಕೆ ಕಾಯುವುದಿಲ್ಲ, ಮಧ್ಯದಲ್ಲಿ ಉಸಿರು ಕಟ್ಟುತ್ತದೆ, ದನಿ ಒಡೆಯುತ್ತದೆ. ಆ ದನಿ 1943ರಲ್ಲಿ, ಮಿಸ್ ಲೂ ಪದ್ಯಗಳು ಪತ್ರಿಕೆಯಲ್ಲಿ ಬರಲು ಶುರುವಾದಾಗಲೂ, ಆ ಟ್ರಾಮಿನ ಹಿಂದಿನ ಸೀಟಿನಲ್ಲಿ ಇದ್ದೇ ಇತ್ತು. ಲೈಜಾಗೂ ಅಳುವ ರಾತ್ರಿಗಳು ಇದ್ದವು.