ಅಳಿಲು ಸೇವೆಯ ಗ್ರಾನೈಟ್ ಫಲಕ

ಮೊನ್ನೆ ನಮ್ಮ ಬಡಾವಣೆಯ ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ, ಎಲೆಗೆ ಉಪ್ಪು, ಕೋಸಂಬರಿ ಬಿದ್ದ ಮೇಲೂ ನಮ್ಮನ್ನು 40 ನಿಮಿಷ ಕಾಯಿಸಿ, ದಾನಿಗಳೊಬ್ಬರು ತಾವೆಷ್ಟು ಅಲ್ಪರೆಂಬುದನ್ನು ಮೈಕಿನಲ್ಲಿ ಸವಿಸ್ತಾರವಾಗಿ ವಿವರಿಸಿದರು. ‘ಎನಗಿಂತ ಕಿರಿಯರಿಲ್ಲ’ ಎಂಬ ಬಸವಣ್ಣನವರ ಮಾತು ಮೂರು ಬಾರಿ ಬಂತು. ‘ಶಿವಭಕ್ತರಿಗಿಂತ ಹಿರಿಯರಿಲ್ಲ’ ಎಂಬ ಅದರ ಮುಂದಿನ ಸಾಲು ಮಾತ್ರ, ಎಲೆಯ ಮುಂದೆ ಹಸಿದು ಕುಳಿತಿದ್ದ ಅಷ್ಟು ಜನ ಭಕ್ತರನ್ನು ಕಂಡರೂ, ಒಮ್ಮೆಯೂ ನೆನಪಾಗಲಿಲ್ಲ.

ಇಂಥ ದಾನಿಗಳೆಲ್ಲರ ಬಾಯಲ್ಲೂ ಒಂದೇ ಪದ: ಅಳಿಲು ಸೇವೆ. ಸೇತುವೆಗೆ ಮೈಯ ಮರಳು ಕೊಡವಿದ ಆ ಬಡಪಾಯಿ ಪ್ರಾಣಿ ತನ್ನ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸಿತ್ತೇ? ಫ್ಯಾನಿನ ರೆಕ್ಕೆ, ಗೋಡೆ ಗಡಿಯಾರ, ಊಟದ ತಟ್ಟೆ, ಕೊನೆಗೆ ಚಪ್ಪಲಿ ಸ್ಟ್ಯಾಂಡಿನ ಮೇಲೂ ‘ಸೇವಾರ್ಥ’ ಎಂದು ಕುಟುಂಬ ಸಮೇತ ಬರೆಸಿತ್ತೇ? ‘ನನ್ನದೇನೂ ಇಲ್ಲ, ನಾನು ನಿಮಿತ್ತ ಮಾತ್ರ’ ಎನ್ನುವವರ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಎರಡನೆಯ ಸಾಲಿಗೆ ಇಳಿಸಿ ನೋಡಿ. ಆ ನಿಮಿತ್ತಕ್ಕೆ ಎಂಥ ರಕ್ತದೊತ್ತಡವೆಂದು ತಿಳಿಯುತ್ತದೆ.

ಸಾರು ಆರಿ ತಣ್ಣಗಾಗಿತ್ತು. ಊಟವಾದ ಮೇಲೆ ಆ ಮಹನೀಯರು ವಿನಯದಿಂದ ಎಂಜಲೆಲೆ ತೆಗೆಯಲು ಬಾಗಿದರು ಮತ್ತು ಫೋಟೋದವನು ಬರುವವರೆಗೆ ಬಾಗಿಯೇ ಇದ್ದರು.